ಪಂಜಕೆಂತ್: ಸೊಗ್ದಿಯನ್ನರ ಊರೊಂದು ಬೆಳೆದ, ಉರಿದ ಕಥೆ – ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯ ಏಷ್ಯಾದ ಇತಿಹಾಸ ಎಂದೊಡನೆ ಸಮರ್ಕಂದ್, ಬುಖಾರಾ ಎಲ್ಲರಿಗೂ ನೆನಪಾಗುತ್ತವೆ. ಪಕ್ಕದ ಪಂಜಕೆಂತ್ ಹೆಸರು ಹೇಳಿದರೆ ಪ್ರಶ್ನೆಗಳು ಶುರುವಾಗುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಊರು ಬಿದ್ದದ್ದು ಹೇಗೆ ಎಂಬುದಷ್ಟೇ ಬೇಕಾದವರು ನೇರ ಮೂರನೆಯ ಭಾಗಕ್ಕೆ ಹೋಗಬಹುದು.

## 1. ಮೊದಲ ಪರಿಚಯ

ಪಂಜಕೆಂತ್ ಎಲ್ಲಿದೆ? ಈಗ ಯಾವ ದೇಶಕ್ಕೆ ಸೇರುತ್ತೆ?

ತಜಿಕಿಸ್ತಾನಕ್ಕೆ. ಆ ದೇಶದ ಪಶ್ಚಿಮದ ಅಂಚಿನಲ್ಲಿ, ಜರಫ್ಶಾನ್ ನದಿಯ ಕಣಿವೆಯಲ್ಲಿ, ಉಜ್ಬೇಕಿಸ್ತಾನದ ಸಮರ್ಕಂದ್‌ನಿಂದ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿದೆ. ಪೂರ್ವದ ಬೆಟ್ಟಗಳಿಂದ ಇಳಿದು ಬರುವ ನದಿ ಇಲ್ಲಿಂದ ಮುಂದಕ್ಕೆ ಅಗಲವಾದ ಬಯಲಿಗೆ ತೆರೆದುಕೊಳ್ಳುತ್ತದೆ. ಬೆಟ್ಟದವರು, ಬಯಲಿನವರು ಇಬ್ಬರೂ ಸೇರುವ ಜಾಗ. ಹಳೆಯ ಊರು ನದಿಯ ದಕ್ಷಿಣಕ್ಕೆ ಎತ್ತರದ ದಿಣ್ಣೆಯ ಮೇಲಿತ್ತು. ಅದೇ ಹೆಸರಿನ ಇಂದಿನ ಪಟ್ಟಣ ಅದರ ಕೆಳಗೆ, ನದಿಯ ಕಡೆಗಿದೆ.

ಸೊಗ್ದಿಯನ್ನರು ಅಂದ್ರೆ ಯಾರು? ತುರ್ಕರಾ, ಪರ್ಷಿಯನ್ನರಾ?

ಎರಡೂ ಅಲ್ಲ. ಇರಾನಿ ಭಾಷಾ ಕುಟುಂಬದ ತಮ್ಮದೇ ಭಾಷೆ, ತಮ್ಮದೇ ಲಿಪಿ ಇದ್ದ ಜನ. ಜರಫ್ಶಾನ್ ಮತ್ತು ಕಶ್ಕಾ ನದಿಗಳ ಬಯಲು ಅವರ ನಾಡು. ಸಮರ್ಕಂದ್, ಬುಖಾರಾ, ಪಂಜಕೆಂತ್ ಎಲ್ಲವೂ ಅವರ ಊರುಗಳೇ, ಆದರೆ ಎಲ್ಲವನ್ನೂ ಒಂದಾಗಿ ಕಟ್ಟಿದ ಗಟ್ಟಿ ಸಾಮ್ರಾಜ್ಯ ಅವರಿಗಿರಲಿಲ್ಲ. ಊರಿಗೊಬ್ಬ ದೊರೆ, ಅವನ ಮೇಲೆ ಯಾವುದೋ ದೊಡ್ಡ ಶಕ್ತಿಯ ನೆರಳು: ಒಮ್ಮೆ ಬಿಳಿ ಹೂಣರೆಂದೂ ಕರೆಯುವ ಹೆಫ್ತಲರು, ಆಮೇಲೆ ಖಗಾನರೆಂಬ ತುರ್ಕ ದೊರೆಗಳು, ಅವರ ನಂತರ ಹೆಸರಿಗಷ್ಟೇ ಚೀನಾದ ತಾಂಗ್ ಚಕ್ರವರ್ತಿ.

ಹೊರಗಿನವರಿಗೆ ಅವರು ವ್ಯಾಪಾರಿಗಳೆಂದೇ ಪರಿಚಿತರು. ಮಗು ಹುಟ್ಟಿದಾಗ ಮಾತು ಸಿಹಿಯಾಗಲೆಂದು ಬಾಯಿಗೆ ಸಕ್ಕರೆ, ಕೈಗೆ ಬಂದ ಹಣ ಅಂಟಿಕೊಳ್ಳಲೆಂದು ಅಂಗೈಗೆ ಅಂಟು ಹಚ್ಚುತ್ತಾರೆ ಎಂದು ಚೀನಾದ ಅರಮನೆಯ ಇತಿಹಾಸಕಾರರು ಬರೆದಿಟ್ಟರು. ನೆರೆಯವರು ಕಟ್ಟಿದ ಮಾತು ಇದು, ಅಷ್ಟರ ಮಟ್ಟಿಗೇ ತೆಗೆದುಕೊಳ್ಳಬೇಕು. ಆದರೆ ವ್ಯಾಪಾರದ ಹರವು ಸುಳ್ಳಲ್ಲ. 1907ರಲ್ಲಿ ಪುರಾತತ್ವಜ್ಞ ಆರೆಲ್ ಸ್ಟೈನ್ ಅವರಿಗೆ ಚೀನಾದ ದುನ್‌ಹುವಾಂಗ್ ಹತ್ತಿರದ ಕಾವಲು ಗೋಪುರವೊಂದರಲ್ಲಿ 4ನೇ ಶತಮಾನದ ಆರಂಭದ ಸೊಗ್ದಿಯನ್ ಪತ್ರಗಳು ಸಿಕ್ಕವು. ಚೀನಾದಲ್ಲಿ ನೆಲೆಸಿದ್ದ ವ್ಯಾಪಾರಿಗಳು ಊರಿಗೆ ಬರೆದವು ಅವು; ತಲುಪಲೇ ಇಲ್ಲ.

ಇಷ್ಟು ಚಿಕ್ಕ ಊರಿಗೆ ಯಾಕಿಷ್ಟು ಮಹತ್ವ? ಸಮರ್ಕಂದ್ ಸಾಲದೇ?

ಸಮರ್ಕಂದ್ ದೊಡ್ಡದು ನಿಜ. ಆದರೆ ಅಲ್ಲಿ 13ನೇ ಶತಮಾನದವರೆಗೂ ಹಳೆಯದರ ಮೇಲೆ ಹೊಸದನ್ನು ಕಟ್ಟುತ್ತಲೇ ಹೋದರು. ಸೊಗ್ದಿಯನ್ನರ ಪದರ ಆಳದಲ್ಲಿ, ತುಂಡು ತುಂಡಾಗಿ ಮಾತ್ರ ಉಳಿದಿದೆ. ಪಂಜಕೆಂತ್ 8ನೇ ಶತಮಾನದಲ್ಲಿ ಖಾಲಿಯಾಯಿತು, ಆ ದಿಣ್ಣೆಯ ಮೇಲೆ ಮತ್ತೊಂದು ಪಟ್ಟಣ ಏಳಲಿಲ್ಲ. ಹಾಗಾಗಿ ಬೀದಿ, ಅಂಗಡಿ, ದೇವಾಲಯ, ಪಡಸಾಲೆ, ಒಲೆ ಎಲ್ಲವೂ ಇದ್ದ ಜಾಗದಲ್ಲೇ ಸಿಕ್ಕವು. ಊರಿನ ಅರ್ಧದಷ್ಟು ಭಾಗವನ್ನು ಅಗೆದು ನೋಡಲಾಗಿದೆ. ಮಧ್ಯ ಏಷ್ಯಾದ ಆ ಕಾಲದ ಬೇರೆ ಯಾವ ಊರನ್ನೂ ಇಷ್ಟು ವಿವರವಾಗಿ ನಾವು ಬಲ್ಲೆವು ಎನ್ನಲಾಗದು.

ಅರಮನೆಗಳ ಇತಿಹಾಸ ಎಲ್ಲೆಡೆಯೂ ಸಿಗುತ್ತದೆ. ಅಂಗಡಿಯವನ, ಸಣ್ಣ ಜಮೀನುದಾರನ ಮನೆಯೊಳಗೆ ಸಾವಿರದ ಮುನ್ನೂರು ವರ್ಷ ಹಿಂದಕ್ಕೆ ಕಾಲಿಡುವ ಅವಕಾಶ ಬಲು ಅಪರೂಪ. ಪಂಜಕೆಂತ್‌ನ ಬೆಲೆ ಅದರಲ್ಲಿದೆ ಎಂದು ನಾನು ನಂಬಿದ್ದೇನೆ.

ಇದು ಯಾವ ಕಾಲದ ಮಾತು? ಆಗ ನಮ್ಮ ಕಡೆ ಯಾರ ಆಳ್ವಿಕೆ?

ಊರು ಕಟ್ಟಿದ್ದು 5ನೇ ಶತಮಾನದಲ್ಲಿ, ಖಾಲಿಯಾದದ್ದು 8ನೇ ಶತಮಾನದ ಕೊನೆಯ ಭಾಗದಲ್ಲಿ. ನಮ್ಮಲ್ಲಿ ಕದಂಬರ ಕಾಲದಿಂದ ರಾಷ್ಟ್ರಕೂಟರು ತಲೆ ಎತ್ತಿದ ಕಾಲದವರೆಗೆ ಎನ್ನಬಹುದು. ಪಂಜಕೆಂತ್‌ಗೆ ಬೆಂಕಿ ಬಿದ್ದ 722ರಲ್ಲಿ ಬಾದಾಮಿಯ ಸಿಂಹಾಸನದಲ್ಲಿದ್ದವನು ಚಾಲುಕ್ಯ ವಿಜಯಾದಿತ್ಯ, ಪಟ್ಟದಕಲ್ಲಿನ ಸಂಗಮೇಶ್ವರ ಗುಡಿಯನ್ನು ಕಟ್ಟಿಸಿದವನು.

ಎರಡು ನಾಡುಗಳನ್ನೂ ಕಂಡ ಒಬ್ಬ ಮನುಷ್ಯನಿದ್ದಾನೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದ ಹ್ಯೂಯೆನ್ ತ್ಸಾಂಗ್, ಭಾರತಕ್ಕೆ ಬರುವ ದಾರಿಯಲ್ಲಿ 630ರ ಸುಮಾರಿಗೆ ಸಮರ್ಕಂದ್ ಹಾದು ಬಂದಿದ್ದ. ಇನ್ನೊಂದು ಎಳೆ ಯುದ್ಧದ್ದು. ಸೊಗ್ದಿಯನ್ನರನ್ನು ಮಣಿಸಿದ ಉಮಯ್ಯದ್ ಖಲೀಫರದೇ ಇನ್ನೊಂದು ಸೇನೆ ಸಿಂಧ್ ಕಡೆಯಿಂದ ಗುಜರಾತಿಗೆ ನುಗ್ಗಿದಾಗ ಅದನ್ನು ನವಸಾರಿಯ ಬಳಿ ತಡೆದವನು ಚಾಲುಕ್ಯರ ಗುಜರಾತ್ ಶಾಖೆಯ ಅವನಿಜನಾಶ್ರಯ ಪುಲಕೇಶಿ. 739ರ ನವಸಾರಿ ತಾಮ್ರಪಟ ಆ ಗೆಲುವನ್ನು ಹೇಳುತ್ತದೆ.

## 2. ಊರಿನ ಒಳಗೆ

ಊರು ಎಷ್ಟು ದೊಡ್ಡದಿತ್ತು? ಎಷ್ಟು ಜನ ಇದ್ದರು?

ಕೋಟೆಗೋಡೆಯ ಒಳಗಿನ ಊರು ಹದಿಮೂರು, ಹದಿನಾಲ್ಕು ಹೆಕ್ಟೇರ್, ಅಂದರೆ 35 ಎಕರೆಗೂ ಕಡಿಮೆ. ಮೊದಲು ಇನ್ನೂ ಚಿಕ್ಕದಿತ್ತು, ಆಮೇಲೆ ಗೋಡೆಯನ್ನು ಸರಿಸಿ ಹಿಗ್ಗಿಸಿದರು. ದೊರೆಯ ಕೋಟೆ ಪಶ್ಚಿಮಕ್ಕೆ, ಕೊರಕಲೊಂದರ ಆಚೆ, ಪ್ರತ್ಯೇಕವಾಗಿತ್ತು. ಐದರಿಂದ ಏಳು ಸಾವಿರ ಜನ ಇದ್ದಿರಬಹುದು ಎಂಬುದು ಅಗೆದವರ ಅಂದಾಜು. ಜಾಗ ಸಾಲದೆ ಮನೆಗಳು ಒಂದಕ್ಕೊಂದು ಅಂಟಿಕೊಂಡು ಮೇಲಕ್ಕೆ ಬೆಳೆದವು. ಕೆಲವು ಓಣಿಗಳ ಮೇಲೂ ಕಮಾನು ಕಟ್ಟಿ ಕೋಣೆ ಎಬ್ಬಿಸಿದ್ದರು. ಗೋಡೆಯ ಹೊರಗೆ ತೋಟದ ಮನೆಗಳು, ಅದಕ್ಕೂ ಆಚೆ ಸತ್ತವರ ಮೂಳೆ ಇಡುವ ನೌಸ್ ಎಂಬ ಸಣ್ಣ ಕಟ್ಟಡಗಳು.

ಮಣ್ಣಿನ ಮನೆ ಅಂತೀರಿ, ಎರಡು ಮಹಡಿ ಹೇಗೆ ನಿಂತಿತು?

ಹಸಿ ಇಟ್ಟಿಗೆ ಮತ್ತು ಮಣ್ಣನ್ನು ಪದರ ಪದರವಾಗಿ ಒತ್ತಿ ಎಬ್ಬಿಸಿದ ದಪ್ಪ ಗೋಡೆಗಳಿಂದ. ಕೆಳಗಿನ ಕೋಣೆಗಳಿಗೆ ಇಟ್ಟಿಗೆಯ ಕಮಾನು ಮಾಡು ಹಾಕಿ ಅದರ ಮೇಲೆ ಇನ್ನೊಂದು ಮಹಡಿ. ಮಳೆ ಕಡಿಮೆ ಇರುವ ಸೀಮೆ ಅದು, ಮಣ್ಣು ಬಾಳಿಕೆ ಬರುತ್ತದೆ.

ಅನುಕೂಲಸ್ಥರ ಮನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅತಿಥಿಗಳ ಪಡಸಾಲೆ. ಚೌಕಾಕಾರದ ದೊಡ್ಡ ಕೋಣೆ, ನಾಲ್ಕು ಮರದ ಕಂಬ, ನಡುವೆ ಮಾಡಿನಲ್ಲಿ ಬೆಳಕಿಂಡಿ, ಸುತ್ತ ಗೋಡೆಗುಂಟ ಮಣ್ಣಿನ ಜಗಲಿ. ಬಾಗಿಲ ಎದುರಿಗೆ ಜಗಲಿ ಅಗಲವಾಗಿ ಮುಂದೆ ಚಾಚುತ್ತದೆ, ಮನೆಯ ಯಜಮಾನನ ಜಾಗ ಅದು. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಮನೆದೇವರ ದೊಡ್ಡ ಚಿತ್ರ. ಕಂಬ, ತೊಲೆ, ಬೋದಿಗೆಗಳಲ್ಲಿ ಕೆತ್ತನೆ. ಸೊಂಟ ಬಳುಕಿಸಿ ನಿಂತ ನರ್ತಕಿಯರ ಮರದ ಶಿಲ್ಪಗಳೂ ಇದ್ದವು. ಇವೆಲ್ಲ ನಮಗೆ ಸಿಕ್ಕಿದ್ದು ಬೆಂಕಿಯಿಂದಾಗಿಯೇ. ಸಾದಾ ಮರ ಮಣ್ಣಿನಲ್ಲಿ ಗೆದ್ದಲಿಗೆ ಹೋಗುತ್ತಿತ್ತು. ಸುಟ್ಟು ಇದ್ದಿಲಾದ ಮರ ಆಕಾರ ಸಮೇತ ಉಳಿಯಿತು. ಆ ಇದ್ದಿಲ ನರ್ತಕಿಯರ ಕೊರಳ ಸರ, ಸೊಂಟದ ಗೆಜ್ಜೆಯ ಪಟ್ಟಿಯನ್ನೂ ಇವತ್ತಿಗೂ ಗುರುತಿಸಬಹುದು.

ಎಲ್ಲ ಮನೆಯ ಗೋಡೆ ಮೇಲೂ ಚಿತ್ರ ಇತ್ತಂತೆ, ನಿಜವೇ?

ಎಲ್ಲ ಮನೆ ಅಲ್ಲ, ಮೂರರಲ್ಲಿ ಒಂದು. ಅದೇ ಬೆರಗಿನ ವಿಷಯ. ರಾಜರ, ಮಠಗಳ ಗೋಡೆಗೆ ಚಿತ್ರ ಬರೆಸುವುದು ಎಲ್ಲೆಡೆ ಇತ್ತು. ಒಂದು ಸಾಧಾರಣ ಪಟ್ಟಣದಲ್ಲಿ ಇಷ್ಟೊಂದು ಖಾಸಗಿ ಮನೆಗಳವರು ಬರೆಸಿದ್ದು ಬೇರೆಲ್ಲಿ ಕಾಣುತ್ತದೆ?

ಪಡಸಾಲೆಯ ಚಿತ್ರಗಳಿಗೆ ಒಂದು ಕ್ರಮವಿತ್ತು. ಬಾಗಿಲ ಎದುರಿಗೆ ದೊಡ್ಡದಾಗಿ ದೇವರು. ಬೇರೆ ಗೋಡೆಗಳ ನಡುಭಾಗದಲ್ಲಿ ವೀರಗಾಥೆಗಳ ಪಟ್ಟಿ. ಎಲ್ಲಕ್ಕಿಂತ ಕೆಳಗೆ, ಜಗಲಿಯ ಮೇಲೆ ಕೂತವರ ಬೆನ್ನು ತಾಗುವ ಎತ್ತರದಲ್ಲಿ, ಸಣ್ಣ ಸಣ್ಣ ಚೌಕಗಳಲ್ಲಿ ನೀತಿಕಥೆಗಳು.

ವೀರಗಾಥೆಗಳಲ್ಲಿ ಹೆಸರಾದದ್ದು ನೀಲಿ ಪಡಸಾಲೆಯಲ್ಲಿರುವ, ಇರಾನಿ ಪುರಾಣಗಳ ವೀರ ರುಸ್ತುಮನ ಕಥೆ. ಹಿನ್ನೆಲೆಗೆಲ್ಲ ಬದಖ್ಶಾನ್ ಗಣಿಗಳ ಲಾಜವರ್ದ ಕಲ್ಲಿನ ಗಾಢ ನೀಲಿ. ಚಿರತೆ ಚರ್ಮದಂತೆ ಚುಕ್ಕೆ ಚುಕ್ಕೆಯ ಅಂಗಿ ತೊಟ್ಟ ರುಸ್ತುಮ ಕೆಂಗಂದು ಕುದುರೆಯ ಮೇಲೆ ಬರುತ್ತಾನೆ, ಘಟಸರ್ಪ ಕುದುರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಮುಂದಿನ ದೃಶ್ಯದಲ್ಲಿ ಅದು ಗಾಯಗೊಂಡು ಬಿದ್ದಿದೆ, ಆಮೇಲೆ ರಾಕ್ಷಸರ ಜತೆ ಕಾಳಗ. ಪಾರಸಿ ಕವಿ ಫಿರ್ದೌಸಿ ತನ್ನ ಮಹಾಕಾವ್ಯ ಶಾಹ್‌ನಾಮೆಯನ್ನು ಮುಗಿಸಿದ್ದು 1010ರಲ್ಲಿ. ಅದಕ್ಕಿಂತ ಎರಡೂವರೆ ಶತಮಾನಕ್ಕೂ ಹಿಂದೆ ಪಂಜಕೆಂತ್‌ನ ಮನೆಯೊಂದರಲ್ಲಿ ಊಟಕ್ಕೆ ಬಂದವರು ರುಸ್ತುಮನನ್ನು ಗೋಡೆಯ ಮೇಲೆ ನೋಡುತ್ತಿದ್ದರು.

ನಮ್ಮ ಪಂಚತಂತ್ರದ ಕಥೆಗಳು ಅಲ್ಲಿವೆ ಅಂತ ಓದಿದೆ. ಹೌದಾ?

ಹೌದು. ಮೊಲ ಸಿಂಹಕ್ಕೆ ನೀರಿನಲ್ಲಿ ಅದರದೇ ನೆರಳು ತೋರಿಸಿ ಮುಳುಗಿಸುವ ಕಥೆ, ವಿದ್ಯೆಯ ಹಮ್ಮಿನಲ್ಲಿ ಸತ್ತ ಮೃಗಕ್ಕೆ ಜೀವ ಕೊಟ್ಟು ಅದಕ್ಕೇ ಆಹಾರವಾದ ಪಂಡಿತರ ಕಥೆ, ಇವೆಲ್ಲ ಆ ಕೆಳಗಿನ ಸಣ್ಣ ಚೌಕಗಳಲ್ಲಿವೆ. ಅವುಗಳ ನಡುವೆಯೇ ಗ್ರೀಕರ ಈಸೋಪನ ಚಿನ್ನದ ಮೊಟ್ಟೆಯ ಬಾತುಕೋಳಿಯೂ ಇದೆ. ಇದು ಭಾರತದ್ದು, ಅದು ಗ್ರೀಸಿನದು ಎಂಬ ಲೆಕ್ಕ ಮನೆಯವರಿಗಿರಲಿಲ್ಲ. ಚೆನ್ನಾಗಿರುವ ಕಥೆ ಎಲ್ಲಿಂದ ಬಂದರೂ ಅವರದೇ.

ಪಂಚತಂತ್ರ 6ನೇ ಶತಮಾನದಲ್ಲಿ ಇರಾನಿನ ಖುಸ್ರೋ ದೊರೆಯ ಕಾಲದಲ್ಲೇ ಪಹ್ಲವಿ ಭಾಷೆಗೆ ಹೋಗಿತ್ತು. ಕನ್ನಡಕ್ಕೆ ಅದನ್ನು ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಆಸ್ಥಾನದವನು, 11ನೇ ಶತಮಾನದವನು. ಅಂದರೆ ಕನ್ನಡದ ಓದುಗರ ಕೈಗೆ ಕಾವ್ಯವಾಗಿ ಬರುವ ಮೂರು ಶತಮಾನ ಮೊದಲೇ ಈ ಮೊಲ ಹಿಂದೂಕುಶ್ ದಾಟಿ ಪಂಜಕೆಂತ್‌ನ ಗೋಡೆ ಏರಿತ್ತು.

ಅವರು ಪೂಜಿಸುತ್ತಿದ್ದ ದೇವರು ಯಾರು? ಶಿವನ ಮೂರ್ತಿ ಸಿಕ್ಕಿದೆಯಂತಲ್ಲ?

ಮೂಲದಲ್ಲಿ ಜರತುಷ್ಟ್ರ ಪರಂಪರೆಯವರೇ, ಆದರೆ ಇರಾನಿನ ಅಧಿಕೃತ ಮತದ ಹಾಗೆ ಮೂರ್ತಿಯನ್ನು ದೂರ ಇಟ್ಟವರಲ್ಲ. ಊರಿನ ನಡುವೆ ಪೂರ್ವಕ್ಕೆ ಮುಖ ಮಾಡಿದ ಎರಡು ದೇವಾಲಯಗಳು ಅಕ್ಕಪಕ್ಕ ನಿಂತಿದ್ದವು. ಊರೊಡತಿ ನನಾ ದೇವಿ. ಸಿಂಹವಾಹನೆ, ನಾಲ್ಕು ಕೈ, ಎರಡರಲ್ಲಿ ಸೂರ್ಯ ಚಂದ್ರ. ಮೂಲತಃ ಮೆಸೊಪೊಟೇಮಿಯಾದ ದೇವಿ ಈಕೆ, ನಾಲ್ಕು ಕೈಗಳನ್ನು ಪಡೆದದ್ದು ಭಾರತದ ಶಿಲ್ಪಗಳಿಂದ. ಊರಿನ ಕಂಚಿನ ನಾಣ್ಯಗಳ ಮೇಲೂ ಇವಳ ಹೆಸರೇ.

ಶಿವನ ವಿಷಯ ನಿಜ. ನಂದಿಯ ಮೇಲೆ ಕುಳಿತ ಶಿವ ಪಾರ್ವತಿಯರ ಮಣ್ಣಿನ ಶಿಲ್ಪ ಸಿಕ್ಕಿದೆ. ಒಂದು ಮನೆಯ ಗೋಡೆಯಲ್ಲಿ ಹುಲಿ ಚರ್ಮ ಉಟ್ಟು ತ್ರಿಶೂಲದೊಡನೆ ಕುಣಿಯುವ ನೀಲಿ ಮೈಯ ದೇವರಿದ್ದಾನೆ. ಇದಲ್ಲದೆ ವೇಶ್‌ಪರ್ಕರ್ ಎಂಬ ಅವರ ಗಾಳಿ ದೇವರನ್ನು ಮೂರು ಮುಖ, ತ್ರಿಶೂಲ ಕೊಟ್ಟು ಬರೆದಿದ್ದಾರೆ. ಅವನ ಕವಚದ ಮೇಲೆಯೇ ಹೆಸರು ಇರುವುದರಿಂದ ಗೊಂದಲವಿಲ್ಲ. ಸೊಗ್ದಿಯನ್ ಬೌದ್ಧ ಬರಹಗಳಲ್ಲಿ ಮಹಾದೇವನಿಗೆ ಕೊಟ್ಟ ಸ್ಥಳೀಯ ಹೆಸರೂ ಇದೇ. ಇದನ್ನು ಓದಿ ಅವರೆಲ್ಲ ಶೈವರಾಗಿದ್ದರು ಎನ್ನುವವರಿದ್ದಾರೆ, ಅದು ತಪ್ಪು. ತಮ್ಮ ದೇವರಿಗೆ ರೂಪ ಕೊಡಲು ಭಾರತದ ಶಿಲ್ಪಿಗಳ ಭಾಷೆಯನ್ನು ಎತ್ತಿಕೊಂಡರು ಎಂಬುದು ಸರಿಯಾದ ಮಾತು.

ಊರಿನಲ್ಲಿ ಕ್ರೈಸ್ತರೂ ಇದ್ದರು. ದಾವೀದನ ಕೀರ್ತನೆಗಳ ಮೊದಲ ಎರಡನ್ನು ಸಿರಿಯಾಕ್ ಭಾಷೆಯಲ್ಲಿ ಬರೆದ ಮಡಕೆ ಚೂರು ಸಿಕ್ಕಿದೆ. ಯಾರೋ ಅಭ್ಯಾಸಕ್ಕೆ ಬರೆದದ್ದು.

ರೇಷ್ಮೆ ವ್ಯಾಪಾರದಿಂದಲೇ ಊರು ಬೆಳೆಯಿತಾ?

ಪೂರ್ತಿ ಅಲ್ಲ. ದೂರದ ವ್ಯಾಪಾರದ ಹಣ ನಾಡಿಗೆ ಬಂದದ್ದರಿಂದ ಊರಿಗೆ ಸಿರಿ ಬಂತು. ಆದರೆ ಇಲ್ಲಿನ ನಿತ್ಯದ ಬದುಕು ಹೊಲ, ದ್ರಾಕ್ಷಿ ತೋಟ, ಗಿರಣಿ, ಕಮ್ಮಾರಿಕೆಯ ಮೇಲೆ ನಿಂತಿತ್ತು. ಬೀದಿ ಬದಿಯಲ್ಲಿ ಒಂದೊಂದೇ ಕೋಣೆಯ ಅಂಗಡಿಗಳು. ದೊಡ್ಡ ಮನೆಯವರು ತಮ್ಮ ಗೋಡೆಗೆ ಒತ್ತಿ ಅಂಗಡಿ ಕಟ್ಟಿಸಿ ಬಾಡಿಗೆಗೆ ಬಿಡುತ್ತಿದ್ದರು. ಅಲ್ಲಿ ಓಡುತ್ತಿದ್ದದ್ದು ಚೀನಾ ಮಾದರಿಯ, ನಡುವೆ ಚೌಕ ತೂತಿನ ಕಂಚಿನ ಚಿಲ್ಲರೆ. ಊರಿನ ಕೊನೆಯ ದೊರೆ ದೇವಾಷ್ಟಿಚ್, ಮಹ್ಯಾನ್ ಎಂಬವನಿಗೆ ಮೂರು ನೀರುಗಿರಣಿಗಳನ್ನು ವರ್ಷಕ್ಕೆ 460 ಅಳತೆ ಹಿಟ್ಟಿಗೆ ಗುತ್ತಿಗೆ ಕೊಟ್ಟ ಪತ್ರ ಇಂದಿಗೂ ಇದೆ. ದೊರೆಯ ಆದಾಯ ಎಂಥದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ವ್ಯಾಪಾರಿಗಳು ಚಿತ್ರದಲ್ಲೂ ಇದ್ದಾರೆ. ಒಂದು ಔತಣದ ದೃಶ್ಯದಲ್ಲಿ ಕೂತವರು ಭಾರಿ ಬಟ್ಟೆ ತೊಟ್ಟಿದ್ದಾರೆ, ಆದರೆ ಶ್ರೀಮಂತ ಯೋಧರ ಹಾಗೆ ಸೊಂಟದಲ್ಲಿ ಕತ್ತಿ ಇಲ್ಲ, ಹಣದ ಚೀಲ ಇದೆ.

ಈ ಸಿರಿಯ ಕರಾಳ ಮುಖವನ್ನೂ ಹೇಳಬೇಕು. ಸೊಗ್ದಿಯನ್ನರು ಮನುಷ್ಯರನ್ನೂ ಮಾರಿದರು. ಈಗಿನ ಚೀನಾದ ತುರ್ಫಾನ್‌ನಲ್ಲಿ ಸಿಕ್ಕ 639ರ ಕರಾರಿನ ಪ್ರಕಾರ ಉಪಾಚ್ ಎಂಬ ದಾಸಿಯನ್ನು ಸಮರ್ಕಂದ್‌ನವನೊಬ್ಬ 120 ಬೆಳ್ಳಿ ನಾಣ್ಯಕ್ಕೆ ಮಾರಿದ್ದಾನೆ. ಕೊಂಡವನು ಏನು ಬೇಕಾದರೂ ಮಾಡಬಹುದು ಎಂಬ ಷರತ್ತು ಸಮೇತ.

ಹೆಂಗಸರಿಗೆ ಹಕ್ಕುಗಳಿದ್ದವೇ?

ಕನಿಷ್ಠ ಉಳ್ಳವರ ಮನೆಯ ಹೆಂಗಸರಿಗೆ ಇದ್ದವು. 710ರ ಒಂದು ಮದುವೆ ಕರಾರು ಸಿಕ್ಕಿದೆ. ವರ ಉತ್-ತೆಗಿನ್, ಹೆಸರಿನಿಂದ ತುರ್ಕ. ವಧು ಚಾತ್. ಅವಳ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಹೆಂಡತಿಯನ್ನೋ ಉಪಪತ್ನಿಯನ್ನೋ ತಂದರೆ ಅವನು 30 ಬೆಳ್ಳಿ ನಾಣ್ಯ ದಂಡ ತೆತ್ತು ಆ ಹೆಣ್ಣನ್ನು ಕಳಿಸಬೇಕು. ಬೇರೆಯಾಗುವ ಹಕ್ಕು ಇಬ್ಬರಿಗೂ ಇದೆ. ಜತೆಗೆ ವರ ಹೆಣ್ಣಿನ ಕಡೆಯವರಿಗೆ ಬರೆದುಕೊಟ್ಟ ಮುಚ್ಚಳಿಕೆ ಇದೆ: ಮಿತ್ರ ದೇವರ ಆಣೆ, ಇವಳನ್ನು ಮಾರುವುದಿಲ್ಲ, ಒತ್ತೆ ಇಡುವುದಿಲ್ಲ, ಇನ್ನೊಬ್ಬರಿಗೆ ದಾನ ಕೊಡುವುದಿಲ್ಲ. ಹೀಗೆ ಬರೆಸಿಕೊಳ್ಳಬೇಕಾಗಿತ್ತು ಎಂಬುದರಿಂದಲೇ ಕಾಲ ಎಂಥದ್ದಿತ್ತು ಎಂದು ತಿಳಿಯುತ್ತದೆ.

## 3. ಊರು ಬಿದ್ದದ್ದು

ದೇವಾಷ್ಟಿಚ್ ಯಾರು? ವೀರನಾ, ಅವಕಾಶವಾದಿಯಾ?

ಪಂಜಕೆಂತ್‌ನ ಕೊನೆಯ ದೊರೆ. 708ರ ಸುಮಾರಿಗೆ ಪಟ್ಟಕ್ಕೆ ಬಂದ. 712ರಲ್ಲಿ ಅರಬ್ ಸೇನಾನಿ ಕುತೈಬಾ ಸಮರ್ಕಂದನ್ನು ಮಣಿಸಿದ. ಅಲ್ಲಿನ ದೊರೆ ಗುರಕ್ ಕಪ್ಪ ಒಪ್ಪಿ ಉಳಿದುಕೊಂಡ. ಅದಕ್ಕೆ ಮೊದಲಿನ ದೊರೆ ತರ್ಖೂನನ ಇಬ್ಬರು ಮಕ್ಕಳು ದೇವಾಷ್ಟಿಚ್‌ನ ಆಸರೆಯಲ್ಲಿದ್ದರು. ಅವರ ನೆಪದಲ್ಲಿ ಅವನ ಕಣ್ಣು ಸಮರ್ಕಂದ್ ಗಾದಿಯ ಮೇಲೆ ಬಿತ್ತು. ಇರಾನಿನ ಪೂರ್ವದ ಪ್ರಾಂತ್ಯ ಖುರಾಸಾನಿನ ಅರಬ್ ಅಧಿಪತಿ ಅಲ್-ಜರ್ರಾಹ್‌ಗೆ ಅರಬ್ಬಿಯಲ್ಲಿ, ಅಲ್ಲಾಹನ ಹೆಸರಿನಿಂದ ಆರಂಭಿಸಿ, ತಾನು ನಿಮ್ಮ ಆಶ್ರಿತ ಎಂದು ಅವನು ಬರೆಸಿದ ಪತ್ರ ಸಿಕ್ಕಿದೆ. ಮುಂದಿನ ಎರಡು ಮೂರು ವರ್ಷಗಳಲ್ಲಿ ಅದೇ ದೇವಾಷ್ಟಿಚ್ ತನ್ನನ್ನು ಸೊಗ್ದಿಯಾದ ರಾಜ, ಸಮರ್ಕಂದ್‌ನ ಒಡೆಯ ಎಂದು ಕರೆದುಕೊಂಡು ತುರ್ಗೇಶ್ ಎಂಬ ತುರ್ಕ ಕುಲದವರ ಜತೆ ಸೇರಿದ.

ತಜಿಕಿಸ್ತಾನದಲ್ಲಿ ಈಗ ಅವನನ್ನು ರಾಷ್ಟ್ರವೀರ ಎನ್ನುತ್ತಾರೆ. ನನಗೆ ಕಾಣುವುದು ಎರಡು ಭಾರಿ ಶಕ್ತಿಗಳ ನಡುವೆ ಸಿಕ್ಕಿ, ಒಮ್ಮೆ ಇತ್ತ ಒಮ್ಮೆ ಅತ್ತ ಕೈಚಾಚಿ, ಕೊನೆಗೆ ಎರಡೂ ಕೈ ಬಿಟ್ಟ ಒಬ್ಬ ಸಣ್ಣ ದೊರೆ. ಅವನ ಆಸೆ ಸಣ್ಣದಾಗಿರಲಿಲ್ಲ, ಅವನ ಊರು ಸಣ್ಣದಿತ್ತು.

722ರಲ್ಲಿ ನಿಜವಾಗಿ ಏನಾಯ್ತು?

ಜಗಳದ ಮೂಲದಲ್ಲಿ ತೆರಿಗೆ ಇತ್ತು. ಮತಾಂತರವಾದವರಿಗೆ ತಲೆಗಂದಾಯ ಬೇಡ ಎಂದು ಖಲೀಫ ಎರಡನೇ ಉಮರ್ ಹೇಳಿದ್ದ. ಅವನು 720ರಲ್ಲಿ ತೀರಿಕೊಂಡ ಮೇಲೆ ಆ ಮಾತು ನಿಲ್ಲಲಿಲ್ಲ. ತುರ್ಗೇಶರ ಬಲ ಕಂಡು ಸೊಗ್ದಿಯನ್ನರು ತಿರುಗಿಬಿದ್ದರು. ಆಗ ಖುರಾಸಾನಿಗೆ ಸಯೀದ್ ಅಲ್-ಹರಶಿ ಎಂಬ ಕಠಿಣ ಅಧಿಪತಿ ಬಂದ. ಕಂದಾಯ ಕಟ್ಟಿ ಇಲ್ಲೇ ಇರೋಣ ಎಂದ ಗುರಕ್. ಬಹಳ ಮಂದಿ ಒಪ್ಪದೆ ಊರು ಬಿಟ್ಟರು. ಒಂದು ಗುಂಪು ಕರ್ಜಂಜ್ ಎಂಬವನ ಹಿಂದೆ ಫರ್ಗಾನಾ ಕಡೆಯ ಖುಜಂದ್‌ಗೆ ಹೋಯಿತು. ಇನ್ನೊಂದು ದೇವಾಷ್ಟಿಚ್ ಜತೆ ಜರಫ್ಶಾನ್ ಗುಂಟ ಮೇಲಕ್ಕೆ, ಮುಗ್ ಬೆಟ್ಟದ ಕೋಟೆಗೆ.

ಖುಜಂದ್‌ನಲ್ಲಿ ಆಶ್ರಯ ಕೊಡುತ್ತೇನೆಂದಿದ್ದ ಫರ್ಗಾನಾದ ದೊರೆ ಮಾತು ತಪ್ಪಿದ. ಶರಣಾದವರಲ್ಲಿ ನಾನೂರು ವ್ಯಾಪಾರಿಗಳನ್ನು ಬಿಟ್ಟು ಸಾವಿರಾರು ಮಂದಿಯನ್ನು ಕೊಂದರು ಎಂದು ಅರಬ್ ಇತಿಹಾಸಕಾರ ತಬರಿಯೇ ಬರೆದಿದ್ದಾನೆ. ಖುಜಂದ್ ಬಿತ್ತು ಎಂಬ ಸುದ್ದಿಯ ಪತ್ರ ಮುಗ್ ಕೋಟೆಗೆ ಬಂತು. ಅದನ್ನು ಓದಿದವರ ಮನಸ್ಥಿತಿ ಊಹಿಸಲು ಕಷ್ಟವೇನಿಲ್ಲ.

ಸೇನೆ ಬಂದಾಗ ದೇವಾಷ್ಟಿಚ್‌ನ ಕಡೆಯವರು ಕೆಳಗಿನ ಕಣಿವೆಗೆ ಇಳಿದು ಕಾದಿದರು, ಸೋತು ಕೋಟೆಗೆ ಮರಳಿದರು. ಒಳಗಿದ್ದ ನೂರು ಕುಟುಂಬಗಳ ಪ್ರಾಣಕ್ಕೆ ಭರವಸೆ ಪಡೆದು ಅವನು ಶರಣಾದ. ಅಲ್-ಹರಶಿ ಮೊದಲು ಅವನನ್ನು ಚೆನ್ನಾಗಿಯೇ ನಡೆಸಿಕೊಂಡ. ಆಮೇಲೆ ರಬಿಂಜಾನ್ ಎಂಬಲ್ಲಿ ಕೊಲ್ಲಿಸಿ, ದೇಹವನ್ನು ನೌಸ್ ಒಂದರ ಮೇಲೆ ಶಿಲುಬೆಗೇರಿಸಿದ. ತಲೆ ಇರಾಕಿಗೆ, ಎಡಗೈ ಈಗಿನ ಉತ್ತರ ಅಫ್ಘಾನಿಸ್ತಾನದ ಕಡೆಯ ತುಖಾರಿಸ್ತಾನಕ್ಕೆ ಹೋಯಿತು. ಹೆಣದ ಮಾಂಸ ಕಳಚಿದ ಮೇಲೆ ಮೂಳೆಗಳನ್ನು ಶುದ್ಧವಾಗಿ ಇಡುವ ಕಟ್ಟಡ ನೌಸ್. ಅದರ ಮೇಲೆಯೇ ಹೀಗೆ ಮಾಡಿದ್ದು ಸೊಗ್ದಿಯನ್ನರ ಕಣ್ಣಿಗೆ ಎಂಥ ಅಪಚಾರ ಎಂಬುದನ್ನು ಮಾಡಿದವರು ಅರಿತೇ ಮಾಡಿದ್ದರು. ಅಲ್-ಹರಶಿಯ ಮೇಲಧಿಕಾರಿ, ಇರಾಕಿನ ಅಧಿಪತಿ ಇಬ್ನ್ ಹುಬೈರಾನಿಗೂ ಈ ಕೊಲೆ ಸಹಿಸಲಿಲ್ಲ. ದೇವಾಷ್ಟಿಚ್‌ನನ್ನು ಬಿಡಲು ಅವನು ಹೇಳಿ ಕಳಿಸಿದ್ದ.

ಅದೇ ಹೊತ್ತಿನಲ್ಲಿ ಪಂಜಕೆಂತ್ ಉರಿಯಿತು. ಕಪ್ಪಾದ ನೆಲ, ಕುಸಿದ ಮಾಡು, ಶಾಖಕ್ಕೆ ಬಣ್ಣ ಕೆಟ್ಟ ಚಿತ್ರಗಳು ಅಗೆತದಲ್ಲಿ ಮನೆ ಮನೆಯಲ್ಲೂ ಕಂಡವು.

ಹಾಗಾದ್ರೆ ಊರು ಅಲ್ಲಿಗೇ ಮುಗೀತಾ?

ಇಲ್ಲ, ಇದನ್ನು ಬಹಳ ಮಂದಿ ತಪ್ಪಾಗಿ ತಿಳಿದಿದ್ದಾರೆ. ತುರ್ಗೇಶರ ಖಗಾನ್ ಸುಲುಕ್ 738ರಲ್ಲಿ ಕೊಲೆಯಾದ ಮೇಲೆ ಅವರ ನಾಡಿಗೆ ಓಡಿಹೋಗಿದ್ದ ಸೊಗ್ದಿಯನ್ನರಿಗೆ ಅಲ್ಲಿ ನೆಲೆ ತಪ್ಪಿತು. ಖುರಾಸಾನಿನ ಹೊಸ ಅಧಿಪತಿ ನಸ್ರ್ ಇಬ್ನ್ ಸಯ್ಯಾರ್ ಅವರನ್ನು ಕರೆದ. ಇಸ್ಲಾಂ ಬಿಟ್ಟು ಹೋದವರಿಗೆ ಶಿಕ್ಷೆಯಿಲ್ಲ, ಹಳೆಯ ಕಂದಾಯದ ಬಾಕಿ ಮನ್ನಾ ಎಂಬ ಷರತ್ತುಗಳಿಗೂ ಒಪ್ಪಿದ. ಉದಾರ ಒಪ್ಪಂದ ಎಂದು ಅವನ ಕಡೆಯವರೇ ಅವನನ್ನು ಟೀಕಿಸಿದರು.

740ರ ಸುಮಾರಿಗೆ ಜನ ಮರಳಿ ಬಂದರು. ಸುಟ್ಟ ಗೋಡೆಗಳನ್ನು ಎತ್ತಿ ಕಟ್ಟಿದರು, ಹೊಸ ಚಿತ್ರಗಳನ್ನೂ ಬರೆಸಿದರು. ದೇವಾಲಯಗಳು ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ಈ ಎರಡನೇ ಬದುಕು ಮೂವತ್ತು ನಲವತ್ತು ವರ್ಷ ನಡೆಯಿತು. 770ರ ನಂತರ ಮನೆಗಳು ಒಂದೊಂದಾಗಿ ಖಾಲಿಯಾದವು. ಖಲೀಫರ ಆಳ್ವಿಕೆಯ ವಿರುದ್ಧ ಮುಕನ್ನಾ ಎಂಬವನು ಎದ್ದ ಬಂಡಾಯದಿಂದ ಸೊಗ್ದಿಯಾ ಇಡೀ ಅಲ್ಲಾಡುತ್ತಿದ್ದ ಕಾಲ ಅದು. ಈ ಸಲ ಊರಿಡೀ ಹೊತ್ತಿದ ಬೆಂಕಿ ಇಲ್ಲ. ಕೊಂಡೊಯ್ಯಬಹುದಾದ್ದನ್ನು ಕೊಂಡೊಯ್ದು ಜನ ದಿಣ್ಣೆ ಇಳಿದರು.

## 4. ಇನ್ನೂ ಆಳಕ್ಕೆ

ಮುಗ್ ಬೆಟ್ಟದ ಕಾಗದಗಳು ಹೇಗೆ ಸಿಕ್ಕವು?

1932ರಲ್ಲಿ ಕುರುಬರಿಗೆ ಬೆಟ್ಟದ ಮೇಲಿನ ಪಾಳು ಕೋಟೆಯಲ್ಲಿ ಬುಟ್ಟಿಯೊಂದರಲ್ಲಿ ಬರಹ ಸಿಕ್ಕಿತು. ಸುದ್ದಿ ಲೆನಿನ್‌ಗ್ರಾಡ್ ತಲುಪಿ, 1933ರಲ್ಲಿ ವಿದ್ವಾಂಸ ಅಲೆಕ್ಸಾಂಡರ್ ಫ್ರೈಮನ್ ಅವರ ತಂಡ ಬಂದು ಅಗೆಯಿತು. ಸಿಕ್ಕಿದ್ದು ಎಂಬತ್ತಕ್ಕೂ ಹೆಚ್ಚು ದಾಖಲೆಗಳು. ಬಹುಪಾಲು ಸೊಗ್ದಿಯನ್, ಕೆಲವು ಚೀನಿ, ಒಂದು ತುರ್ಕಿ, ಒಂದು ಅರಬ್ಬಿ. ಕಾಗದ, ತೊಗಲು, ಸುಲಿದ ಕೋಲು ಯಾವುದು ಸಿಕ್ಕರೆ ಅದರ ಮೇಲೆ ಬರೆದಿದ್ದರು. ಅರಬ್ಬಿ ಪತ್ರವನ್ನು ಇಗ್ನಾತಿ ಕ್ರಾಚ್ಕೋವ್‌ಸ್ಕಿ ಓದಿ, ತಬರಿ ಹೇಳುವ ದೇವಾಷ್ಟಿಚ್ ಇವನೇ ಎಂದು ತೋರಿಸಿದ ಮೇಲೆ ಉಳಿದವುಗಳ ಕಾಲ ಖಚಿತವಾಯಿತು.

ದೇವಾಷ್ಟಿಚ್ ಓಡುವಾಗ ಕಚೇರಿಯ ಕಡತಗಳನ್ನೂ ಹೊತ್ತು ಬಂದಿದ್ದ. ಉಗ್ರಾಣದ ಮೇಲ್ವಿಚಾರಕ ಉತ್‌ಗೆ ದ್ರಾಕ್ಷಾರಸ ಕೊಡು, ಧಾನ್ಯ ಕಳಿಸು, ತೊಗಲು ಲೆಕ್ಕ ಒಪ್ಪಿಸು ಎಂಬ ಆಜ್ಞೆಗಳು ಹತ್ತಾರಿವೆ. ಸಹಾಯ ಕೇಳಲು ಚಾಚ್, ಅಂದರೆ ಇಂದಿನ ತಾಷ್ಕೆಂಟ್ ಕಡೆಗೆ ಹೋದ ದೂತ ಫತುಫರ್ನ್ ಬರೆದ ವರದಿಯೂ ಇದೆ. ಸೊಗ್ದಿಯನ್ ನಾಡಿನಲ್ಲೇ ಸಿಕ್ಕ ಸೊಗ್ದಿಯನ್ ದಾಖಲೆಗಳ ದೊಡ್ಡ ಗಂಟು ಇದೊಂದೇ. ಗಿರಣಿಯ ಗುತ್ತಿಗೆ, ಚಾತ್‌ಳ ಮದುವೆ ಕರಾರು ಎಲ್ಲ ಇದರಲ್ಲೇ ಬಂದವು.

ಊರನ್ನು ಅಗೆದವರು ಯಾರು? ಮಣ್ಣಿನ ಗೋಡೆಯ ಚಿತ್ರ ಪುಡಿಯಾಗಲಿಲ್ಲವೇ?

1946ರಿಂದ ಅಲೆಕ್ಸಾಂಡರ್ ಯಾಕುಬೊವ್‌ಸ್ಕಿ, ಅವರ ನಂತರ ಮಿಖಾಯಿಲ್ ದ್ಯಾಕೊನೊವ್, ಅಲೆಕ್ಸಾಂಡರ್ ಬೆಲೆನಿತ್ಸ್ಕಿ, 1978ರಿಂದ ಬೋರಿಸ್ ಮರ್ಶಾಕ್. ಹರ್ಮಿಟೇಜ್ ಮ್ಯೂಸಿಯಂ ಮತ್ತು ತಜಿಕ್ ವಿದ್ವಾಂಸರು ಕೂಡಿ ನಡೆಸಿದ ಕೆಲಸ. ಮರ್ಶಾಕ್ ಮತ್ತು ಪತ್ನಿ ವಲೆಂತಿನಾ ರಾಸ್ಪೊಪೊವಾ ಇಬ್ಬರೂ ಬದುಕಿನ ಬಹುಭಾಗವನ್ನು ಈ ಊರಿಗೆ ಕೊಟ್ಟರು. ಮರ್ಶಾಕ್ 2006ರಲ್ಲಿ ಇಲ್ಲಿಯೇ ಕೆಲಸದ ನಡುವೆ ತೀರಿಕೊಂಡರು, ಅವರ ಸಮಾಧಿಯೂ ಇಲ್ಲೇ ಇದೆ.

ಚಿತ್ರಗಳು ಒ‌ಣ ಮಣ್ಣಿನ ಗಾರೆಯ ಮೇಲೆ ಅಂಟು ಬೆರೆಸಿದ ಬಣ್ಣದಿಂದ ಬರೆದವು. ಗಾಳಿಗೆ ತೆರೆದರೆ ಉದುರುತ್ತಿದ್ದವು. ಹರ್ಮಿಟೇಜ್‌ನ ಪಾವೆಲ್ ಕೊಸ್ತ್ರೊವ್ ಕೃತಕ ರಾಳವನ್ನು ಬಣ್ಣದ ಪದರಕ್ಕೆ ನಿಧಾನವಾಗಿ ಇಳಿಸಿ ಗಟ್ಟಿ ಮಾಡಿ, ಆಮೇಲೆ ಗೋಡೆಯಿಂದ ಬಿಡಿಸುವ ವಿಧಾನ ರೂಪಿಸಿದರು. ಆ ತಾಳ್ಮೆ ಇಲ್ಲದಿದ್ದರೆ ರುಸ್ತುಮನೂ ಇಲ್ಲ, ಮೊಲವೂ ಇಲ್ಲ.

ಅರಬ್ಬರು ಬಂದದ್ದೇ ಸೊಗ್ದಿಯನ್ ಸಂಸ್ಕೃತಿ ಅಳಿಯಲು ಕಾರಣ ಅನ್ನಬಹುದಾ?

ಯುದ್ಧ ಊರನ್ನು ಮುರಿಯಿತು, ಅದನ್ನು ಮೃದು ಮಾಡಿ ಹೇಳಬೇಕಿಲ್ಲ. ಆದರೆ ಸಂಸ್ಕೃತಿ ಅಳಿದದ್ದಕ್ಕೆ ಅದೊಂದೇ ಕಾರಣ ಎಂದರೆ ಲೆಕ್ಕ ತಪ್ಪುತ್ತದೆ. ಸೊಗ್ದಿಯನ್ ದೊರೆಗಳು ಒಬ್ಬರ ವಿರುದ್ಧ ಇನ್ನೊಬ್ಬರು ಹೊರಗಿನವರನ್ನು ಕರೆದರು. ಚೀನಾದಲ್ಲಿ 755ರಲ್ಲಿ ಸೊಗ್ದಿಯನ್ ಮೂಲದ ಸೇನಾನಿ ಆನ್ ಲುಶಾನ್ ಎದ್ದ ಬಂಡಾಯದ ನಂತರ ಅಲ್ಲಿ ನೆಲೆಸಿದ್ದವರ ಮೇಲೆ ಸಂಶಯ ಹೆಚ್ಚಿತು, ಪೂರ್ವದ ವ್ಯಾಪಾರ ಸೊರಗಿತು.

ಇತ್ತ ಸಮರ್ಕಂದ್, ಬುಖಾರಾ ಪಾಳು ಬೀಳಲಿಲ್ಲ. 9, 10ನೇ ಶತಮಾನದಲ್ಲಿ ಸಾಮಾನಿ ದೊರೆಗಳ ಅಡಿಯಲ್ಲಿ ಮೊದಲಿಗಿಂತ ಬೆಳಗಿದವು, ಆದರೆ ಮಾತು ಪಾರಸಿ, ಮತ ಇಸ್ಲಾಂ. ಪಾರಸಿ ಕಾವ್ಯದ ಆದಿಕವಿ ರೂದಕಿ ಹುಟ್ಟಿದ ಪಂಜ್‌ರೂದ್ ಹಳ್ಳಿ ಇರುವುದು ಪಂಜಕೆಂತ್‌ನ ಹತ್ತಿರದ ಬೆಟ್ಟಗಳಲ್ಲೇ. ಸೊಗ್ದಿಯನ್ನರ ಮೊಮ್ಮಕ್ಕಳು ಎಲ್ಲೂ ಮಾಯವಾಗಲಿಲ್ಲ, ಬೇರೆ ಭಾಷೆಯಲ್ಲಿ ಹಾಡತೊಡಗಿದರು.

ಸೊಗ್ದಿಯನ್ ಭಾಷೆ ಈಗ ಯಾರಾದ್ರೂ ಮಾತಾಡ್ತಾರಾ?

ಅದರ ಹತ್ತಿರದ ವಂಶದ ಯಗ್ನೋಬಿ ಭಾಷೆಯನ್ನು ಆಡುತ್ತಾರೆ. ಜರಫ್ಶಾನ್‌ನ ಮೇಲ್ಭಾಗದ ಯಗ್ನೋಬ್ ಕಣಿವೆ ಅದರ ಮನೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ದಾರಿ ಮುಚ್ಚುವ ದುರ್ಗಮ ಜಾಗವಾದ್ದರಿಂದ ಅಲ್ಲಿ ಮಾತು ಉಳಿಯಿತು. 1970, 71ರಲ್ಲಿ ಸೋವಿಯತ್ ಆಡಳಿತ ಇಡೀ ಕಣಿವೆಯ ಜನರನ್ನು ಬಲವಂತವಾಗಿ ಎತ್ತಿ ಜಫರಾಬಾದ್‌ನ ಹತ್ತಿ ಹೊಲಗಳಿಗೆ ಸಾಗಿಸಿತು. ಬೆಟ್ಟದ ತಂಪಿಗೆ ಹುಟ್ಟಿ ಬೆಳೆದವರು ಬಯಲ ಬಿಸಿಲಿನಲ್ಲಿ ಬಹಳ ಕಷ್ಟಪಟ್ಟರು, ಸತ್ತವರೂ ಇದ್ದಾರೆ. ಸ್ವಲ್ಪ ಕುಟುಂಬಗಳು ಆಮೇಲೆ ಮರಳಿವೆ.

ಸೊಗ್ದಿಯನ್ನರು ಭಾರತದ ಕಡೆಗೆ ಬಂದಿದ್ದರೇ?

ಸಿಂಧೂ ನದಿಯ ಮೇಲ್ಕಣಿವೆಯವರೆಗಂತೂ ಬಂದಿದ್ದರು. ಈಗ ಪಾಕಿಸ್ತಾನದಲ್ಲಿರುವ ಶತಿಯಾಲ್‌ನ ಬಂಡೆಗಳ ಮೇಲೆ ನೂರಾರು ಸೊಗ್ದಿಯನ್ ಬರಹಗಳಿವೆ, ಪಂಜಕೆಂತ್ ಕಟ್ಟಿದ ಕಾಲದ ಆಸುಪಾಸಿನವು. ಹೆಚ್ಚಿನವು ಬರೀ ಹೆಸರು, ಅಪ್ಪನ ಹೆಸರು. ಒಂದರಲ್ಲಿ ನನೈ-ವಂದಕ್ ಎಂಬ ವ್ಯಾಪಾರಿ, ಬೇಗ ಮುಂದಿನ ಊರು ತಲುಪಿ ಅಣ್ಣತಮ್ಮನನ್ನು ಆರೋಗ್ಯವಾಗಿ, ಸಂತೋಷವಾಗಿ ಕಾಣುವಂತೆ ಆಗಲಿ ಎಂದು ಆ ಜಾಗದ ದೇವತೆಗೆ ಹರಕೆ ಹೊತ್ತಿದ್ದಾನೆ. ಅವನ ಹೆಸರಿನಲ್ಲೇ ನನಾ ದೇವಿ ಇದ್ದಾಳೆ.

ಈಗ ಹೋದರೆ ನೋಡಲು ಏನಿದೆ?

ದಿಣ್ಣೆಯ ಮೇಲೆ ಮಳೆ ಗಾಳಿಗೆ ಕರಗಿ ದುಂಡಗಾದ ಮಣ್ಣಿನ ಗೋಡೆಗಳು. ಬಣ್ಣ ಹುಡುಕಬೇಡಿ. ಚಿತ್ರಗಳು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್, ದುಶಾಂಬೆಯ ಪ್ರಾಚೀನ ವಸ್ತು ಸಂಗ್ರಹಾಲಯ ಮತ್ತು ಪಂಜಕೆಂತ್ ಪಟ್ಟಣದ ರೂದಕಿ ಸಂಗ್ರಹಾಲಯಗಳಲ್ಲಿವೆ. ಹಾಗಾಗಿ ಮೊದಲು ರೂದಕಿ ಸಂಗ್ರಹಾಲಯ ನೋಡಿ, ಆಮೇಲೆ ದಿಣ್ಣೆ ಹತ್ತಿ. ಎರಡು ದೇವಾಲಯಗಳ ಅಂಗಳ, ಬೀದಿಗಳ ಸಾಲು, ಪಡಸಾಲೆಗಳ ಜಗಲಿ ಆಗ ತಾವಾಗಿಯೇ ಗುರುತಿಗೆ ಸಿಗುತ್ತವೆ.

ಸಮರ್ಕಂದ್ ಕಡೆಯ ಗಡಿ ದಾರಿ ವರ್ಷಗಟ್ಟಲೆ ಮುಚ್ಚಿದ್ದು 2018ರಲ್ಲಿ ಮತ್ತೆ ತೆರೆಯಿತು. ಆ ದಾರಿಯಲ್ಲೇ ಐದೂವರೆ ಸಾವಿರ ವರ್ಷದ ಹಿಂದಿನ ಸರಾಜ್ಮ್ ನೆಲೆ ಸಿಗುತ್ತದೆ, 2010ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಪಂಜಕೆಂತ್ ಮತ್ತು ಮುಗ್ ಬೆಟ್ಟದ ಕೋಟೆ 2023ರಲ್ಲಿ ರೇಷ್ಮೆ ಮಾರ್ಗದ ಜರಫ್ಶಾನ್–ಕರಾಕುಮ್ ಭಾಗವಾಗಿ ಆ ಪಟ್ಟಿ ಸೇರಿದವು. ಮುಗ್ ಬೆಟ್ಟಕ್ಕೂ ಹೋಗುವ ಮನಸ್ಸಿದ್ದರೆ ಅದಕ್ಕೆ ಬೇರೆಯೇ ಒಂದು ದಿನ ಇಟ್ಟುಕೊಳ್ಳಿ, ಸ್ಥಳೀಯರನ್ನು ಜತೆಗೆ ಕರೆದುಕೊಂಡೇ ಹತ್ತಿ.